ತಿಂಗಳ ಪಗಾರದ ಹಿಂದೆ ಅಡಗಿದ ಅಭದ್ರತೆ: ಅಳೆಯುವುದು ಹೇಗೆ

ದೇಶದಲ್ಲಿ ಅಭದ್ರ ಉದ್ಯೋಗದಲ್ಲಿರುವವರು ಎಷ್ಟು ಎಂದು ಕೇಳಿದರೆ ಹೆಚ್ಚಿನವರು ದಿನಗೂಲಿಯವರನ್ನು ಎಣಿಸಿ ಕೈತೊಳೆದುಕೊಳ್ಳುತ್ತಾರೆ. ನೀವು ಈ ಲೆಕ್ಕಕ್ಕೆ ಕೈಹಾಕುವುದಾದರೆ ಆ ಅಂಕಣವನ್ನು ಸದ್ಯಕ್ಕೆ ಪಕ್ಕಕ್ಕಿಡಿ. ದಿನಗೂಲಿಯವರ ಪಾಡು ಯಾರಿಗೂ ಹೊಸದಲ್ಲ, ಅದನ್ನು ಯಾರೂ ಅಲ್ಲಗಳೆಯುವುದೂ ಇಲ್ಲ. ಮೊದಲು ಒಡೆದು ನೋಡಬೇಕಾದದ್ದು ‘ನಿಯಮಿತ ಸಂಬಳದವರು’ ಎಂಬ ಅಂಕಣವನ್ನು. ಅಭದ್ರತೆ ಅಲ್ಲಿ ಸಭ್ಯವಾಗಿ ಸಮವಸ್ತ್ರ ತೊಟ್ಟು ಕೂತಿರುತ್ತದೆ.

ನಾನು ಇಂಡಿ ತಾಲ್ಲೂಕಿನವಳು, ಪುಣೆಯ ಚಿಂಚವಡದಲ್ಲಿ ನೆಲೆಸಿದವಳು. ಮನೆಮನೆಗೆ ಹೋಗಿ ಸಮೀಕ್ಷೆಯ ಅನುಸೂಚಿ, ಅಂದರೆ ಪ್ರಶ್ನಾವಳಿ, ತುಂಬುವ ಕೆಲಸದಲ್ಲಿ ವರ್ಷಗಳನ್ನು ಕಳೆದು, ಈಗ ಅದೇ ಬಗೆಯ ದತ್ತಾಂಶವನ್ನು ಕಂಪ್ಯೂಟರಿನಲ್ಲಿ ಬಿಡಿಸುತ್ತೇನೆ. ಜನರ ಉದ್ಯೋಗ ಕರಾರಿನ ಬಗ್ಗೆ ಪ್ರಶ್ನೆ ಕೇಳುತ್ತಿದ್ದಾಗ ನನ್ನ ಸ್ವಂತ ಕರಾರು ಹನ್ನೊಂದು ತಿಂಗಳದ್ದಾಗಿತ್ತು. ಆದ್ದರಿಂದ ಈ ವಿಷಯದಲ್ಲಿ ನನಗೆ ಸ್ವಲ್ಪ ಸಿಟ್ಟೂ ಇದೆ, ಓದುಗರು ಅದನ್ನು ಸಹಿಸಿಕೊಳ್ಳಬೇಕು. ಕಾರ್ಮಿಕ ಸಂಘಟನೆಯವರು, ಪತ್ರಕರ್ತರು, ಅರ್ಥಶಾಸ್ತ್ರದ ವಿದ್ಯಾರ್ಥಿಗಳು ತಾವೇ ಕೂತು ಈ ಲೆಕ್ಕ ಮಾಡಲು ಬೇಕಾದಷ್ಟನ್ನು ಇಲ್ಲಿ ಬರೆಯುತ್ತಿದ್ದೇನೆ.

ಯಾವುದನ್ನು ಅಳೆಯುತ್ತಿಲ್ಲ ಎಂಬುದನ್ನು ಮೊದಲು ತೀರ್ಮಾನಿಸಿ

ನಿರುದ್ಯೋಗ ಬೇರೆ, ಅಭದ್ರತೆ ಬೇರೆ. ನಮ್ಮ ನಿಯತಕಾಲಿಕ ಕಾರ್ಮಿಕ ಬಲ ಸಮೀಕ್ಷೆ, ಅಂದರೆ ಎಲ್ಲರೂ ಪಿಎಲ್‌ಎಫ್‌ಎಸ್ ಎನ್ನುವ ಸಮೀಕ್ಷೆ, 2017ರ ಏಪ್ರಿಲ್‌ನಲ್ಲಿ ಶುರುವಾಯಿತು. ಅದರ ‘ವಾರದ ಸ್ಥಿತಿ’ಯ ನಿಯಮದಂತೆ ಹಿಂದಿನ ಏಳು ದಿನಗಳಲ್ಲಿ ಯಾವುದಾದರೂ ಒಂದು ದಿನ ಒಂದು ಗಂಟೆ ದುಡಿದಿದ್ದರೂ ಆತ ಉದ್ಯೋಗಿಯೇ. ಬೆಳಗಿನ ಹೊತ್ತು ಡಾಂಗೆ ಚೌಕದ ಮಜೂರ್ ಅಡ್ಡಾದಲ್ಲಿ, ಕೂಲಿಗೆ ಕರೆಯುವವರಿಗಾಗಿ ಕಾಯುವ ಜಾಗದಲ್ಲಿ, ಬುತ್ತಿ ಹಿಡಿದು ನಿಲ್ಲುವ ಕಲಬುರಗಿಯ ಗೌಂಡಿಗೆ ವಾರದಲ್ಲಿ ಎರಡೇ ದಿನ ಕೆಲಸ ಸಿಕ್ಕಿದ್ದರೆ ಲೆಕ್ಕದಲ್ಲಿ ಆತ ನಿರುದ್ಯೋಗಿಯಲ್ಲ. ಈ ನಿಯಮ ತಪ್ಪೇನಲ್ಲ, ಅಂತರರಾಷ್ಟ್ರೀಯ ರೂಢಿಯೇ ಹಾಗಿದೆ. ತಪ್ಪು ಇರುವುದು ಆ ಅಂಕಿಯನ್ನು ಓದುವವರಲ್ಲಿ. ವಾರದ ಬದಲು ಹಿಂದಿನ ಇಡೀ ವರ್ಷವನ್ನು ನೋಡುವ ‘ವಾಡಿಕೆಯ ಸ್ಥಿತಿ’ಯ ಪ್ರಕಾರ 2017-18ರಲ್ಲಿ 6.1% ಇದ್ದ ನಿರುದ್ಯೋಗ 2023-24ರಲ್ಲಿ 3.2%ಕ್ಕೆ ಇಳಿಯಿತು. ಅದೇ ಅವಧಿಯಲ್ಲಿ ದುಡಿಯುವವರಲ್ಲಿ ಸ್ವಯಂ ಉದ್ಯೋಗಿಗಳ ಪಾಲು 52.2%ರಿಂದ 58.4%ಕ್ಕೆ ಏರಿತು, ನಿಯಮಿತ ಸಂಬಳದವರ ಪಾಲು 22.8%ರಿಂದ 21.7%ಕ್ಕೆ ಬಂತು. ಮೊದಲನೆಯ ಅಂಕಿಯನ್ನು ಮಾತ್ರ ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕುವವರಿಗೆ ನಾನು ಹೇಳುವುದು ಇಷ್ಟೇ: ಕೆಲಸ ಇದೆಯೇ ಎಂಬ ಪ್ರಶ್ನೆಗೆ ಸಿಕ್ಕ ಉತ್ತರವನ್ನು ಎಂಥ ಕೆಲಸ ಎಂಬ ಪ್ರಶ್ನೆಗೆ ಅಂಟಿಸಬೇಡಿ.

ಅಸಂಘಟಿತ ಎಂಬುದೂ ಅಭದ್ರ ಎಂಬುದೂ ಬಹುಪಾಲು ಒಂದರ ಮೇಲೊಂದು ಕೂರುತ್ತವೆ, ಆದರೆ ಪೂರ್ತಿ ಅಲ್ಲ. ಅರ್ಜುನ್ ಸೇನ್‌ಗುಪ್ತಾ ಅಧ್ಯಕ್ಷತೆಯ ಆಯೋಗ 2007ರಲ್ಲಿ ಕೊಟ್ಟ ವರದಿಯನ್ನು ಇಂದಿಗೂ ತೆಗೆದು ನೋಡಬೇಕು. ಹತ್ತಕ್ಕಿಂತ ಕಡಿಮೆ ಕೆಲಸಗಾರರಿರುವ ಖಾಸಗಿ, ನೋಂದಾಯಿತ ಕಂಪನಿಯಲ್ಲದ ಉದ್ಯಮಗಳನ್ನು ಅದು ಅಸಂಘಟಿತ ವಲಯ ಎಂದಿತು. ಅದಕ್ಕಿಂತ ಮುಖ್ಯವಾಗಿ, ಸಂಘಟಿತ ವಲಯದೊಳಗೇ ದುಡಿಯುತ್ತಿದ್ದರೂ ಮಾಲೀಕರಿಂದ ಸಾಮಾಜಿಕ ಭದ್ರತೆ ಸಿಗದವರನ್ನೂ ಅಸಂಘಟಿತ ಕಾರ್ಮಿಕರೆಂದೇ ಎಣಿಸಿತು. ವಲಯ ಒಂದು, ಕೆಲಸ ಇನ್ನೊಂದು ಎಂದು ಬಿಡಿಸಿ ಇಟ್ಟದ್ದು ಆ ವರದಿಯ ದೊಡ್ಡ ಉಪಕಾರ. 2004-05ರಲ್ಲಿ ದುಡಿಯುತ್ತಿದ್ದ ಸುಮಾರು 45.7 ಕೋಟಿ ಜನರಲ್ಲಿ 92% ಅಸಂಘಟಿತ ಕಾರ್ಮಿಕರು ಎಂಬ ಪ್ರಸಿದ್ಧ ಅಂಕಿ ಬಂದದ್ದು ಈ ವಿಂಗಡಣೆಯಿಂದಲೇ. ಆದರೆ 92% ಎಂಬುದು ನಿಮ್ಮ ಕೆಲಸಕ್ಕೆ ಅಷ್ಟೇನೂ ನೆರವಾಗದು. ಎಲ್ಲರೂ ಒಂದೇ ಗುಂಪಿನಲ್ಲಿ ಬಿದ್ದರೆ ಯಾರ ಸ್ಥಿತಿ ಕೆಟ್ಟಿತು, ಯಾರದು ಸುಧಾರಿಸಿತು ಎಂಬುದು ಕಾಣುವುದಿಲ್ಲ.

ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಹಿಂದಿನಿಂದ ಬಳಸುತ್ತ ಬಂದ ಇನ್ನೊಂದು ಸಿದ್ಧ ಅಂಕಿಯೂ ಇದೆ: ಯಾರನ್ನೂ ನೇಮಿಸಿಕೊಳ್ಳದೆ ಸ್ವಂತ ದುಡಿಮೆ ಮಾಡುವವರು ಮತ್ತು ಮನೆಯ ಉದ್ಯಮದಲ್ಲಿ ದುಡಿಯುವ ಕುಟುಂಬದವರು ಸೇರಿದರೆ ‘ದುರ್ಬಲ ಉದ್ಯೋಗ’. ಈ ಬುಟ್ಟಿಯಲ್ಲಿ ಸ್ವಂತ ಚಿಕಿತ್ಸಾಲಯದ ವೈದ್ಯರೂ ಕೈಗಾಡಿಯ ತರಕಾರಿಯವರೂ ಒಟ್ಟಿಗೆ ಇರುತ್ತಾರೆ, ದಿನಗೂಲಿಯವರು ಮಾತ್ರ ಹೊರಗೆ ಉಳಿಯುತ್ತಾರೆ. ದೇಶದೇಶಗಳ ಹೋಲಿಕೆಗೆ ಅದು ಸಾಕು. ಭಾರತದ ಒಳಗಿನ ಲೆಕ್ಕಕ್ಕೆ ಅದನ್ನು ಬಳಸಬೇಡಿ.

ವ್ಯಾಖ್ಯೆ ಬರೆಯುವಾಗ

ಒಂದೇ ವಾಕ್ಯದಲ್ಲಿ ಬರೆಯಿರಿ, ಗೋಡೆಗೆ ಅಂಟಿಸಿಕೊಳ್ಳಿ. ನನ್ನದು ಹೀಗಿದೆ: ಕೆಲಸ ಕಡಿಮೆಯಾದರೆ, ಮೈಗೆ ಹುಷಾರಿಲ್ಲದಿದ್ದರೆ, ವಯಸ್ಸಾದರೆ ಆಗುವ ನಷ್ಟವನ್ನು ಕೆಲಸ ಮಾಡಿಸಿಕೊಂಡವರು ಹೊರದೆ ಕೆಲಸಗಾರರೇ ಹೊರಬೇಕಾದ ಉದ್ಯೋಗ ಅಭದ್ರ ಉದ್ಯೋಗ. ಇದರಲ್ಲಿ ಹುದ್ದೆಯ ಹೆಸರಿಲ್ಲ, ವಲಯದ ಹೆಸರಿಲ್ಲ, ತಿಂಗಳ ಪಗಾರವೋ ದಿನದ ಕೂಲಿಯೋ ಎಂಬ ಮಾತಿಲ್ಲ. ಇದೇ ವಿಷಯವನ್ನು ಸಂಶೋಧಕರು 1980ರ ದಶಕದ ಕೊನೆಯಿಂದ ನಾಲ್ಕು ಮುಖಗಳಲ್ಲಿ ನೋಡುತ್ತ ಬಂದಿದ್ದಾರೆ: ಕೆಲಸ ಮುಂದುವರಿಯುವ ಖಾತರಿ, ಕೆಲಸದ ವೇಳೆ ಮತ್ತು ಷರತ್ತುಗಳ ಮೇಲಿನ ಹಿಡಿತ, ಕಾನೂನಿನ ಹಾಗೂ ಸಾಮಾಜಿಕ ರಕ್ಷಣೆ, ಆದಾಯ. ಸ್ಪೇನ್‌ನಲ್ಲಿ ರೂಪುಗೊಂಡ ಒಂದು ಮಾಪಕ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಹಕ್ಕು ಇದೆಯೇ ಎಂಬುದನ್ನೂ ಆ ಹಕ್ಕನ್ನು ಹೆದರಿಕೆಯಿಲ್ಲದೆ ಬಳಸಬಹುದೇ ಎಂಬುದನ್ನೂ ಬೇರೆ ಬೇರೆಯಾಗಿ ಕೇಳುತ್ತದೆ. ನಮ್ಮಲ್ಲಿ ಅದು ಬಹಳ ಸರಿಯಾದ ಪ್ರಶ್ನೆ. ಹೆರಿಗೆ ರಜೆ ಕಾಗದದ ಮೇಲೆ ಇದ್ದು, ಬಸಿರಿ ಎಂದು ಗೊತ್ತಾದ ತಿಂಗಳಲ್ಲೇ ‘ಬ್ರೇಕ್’ ಎಂದು ಹೇಳಿ ಕೆಲಸದಿಂದ ಬಿಡಿಸುವ ಜಾಗಗಳನ್ನು ನಾನು ನೋಡಿದ್ದೇನೆ.

ವ್ಯಾಖ್ಯೆ ಗಟ್ಟಿಯಾಗಿದೆಯೇ ಎಂದು ತಿಳಿಯಲು ಪುಣೆಯ ಇಬ್ಬರನ್ನು ಅದರ ಮುಂದೆ ನಿಲ್ಲಿಸಿ. ಒಬ್ಬರು ಮಾರ್ಕೆಟ್ ಯಾರ್ಡಿನ ಹಮಾಲರು. ಅವರಿಗೆ ಒಬ್ಬ ಮಾಲೀಕನೆಂಬುವನಿಲ್ಲ, ಇಂದು ಈ ಅಂಗಡಿಯ ಮೂಟೆ, ನಾಳೆ ಇನ್ನೊಂದರದ್ದು. ನೋಡಿದರೆ ಅಪ್ಪಟ ಬಿಡಿಗೂಲಿ. ಆದರೆ ತಲೆಹೊರೆ ಹೊರುವವರಿಗೆಂದು ಬಂದ ಮಹಾರಾಷ್ಟ್ರದ 1969ರ ಮಾಥಾಡಿ ಕಾಯ್ದೆಯ ಅಡಿಯಲ್ಲಿ ಮಂಡಳಿ ಇದೆ. ವ್ಯಾಪಾರಿಗಳು ಕೂಲಿಯ ಜೊತೆಗೆ ಲೆವಿಯನ್ನೂ ಮಂಡಳಿಯಲ್ಲಿ ಕಟ್ಟಬೇಕು, ನೋಂದಾಯಿತ ಹಮಾಲನ ಭವಿಷ್ಯ ನಿಧಿ, ಗ್ರಾಚ್ಯುಟಿ ಅಲ್ಲಿಂದ ಬರುತ್ತದೆ. ಬಾಬಾ ಆಢಾವ್ ಅವರ ಹಮಾಲರ ಸಂಘಟನೆ, ಹಮಾಲ್ ಪಂಚಾಯತ್, ದಶಕಗಳ ಕಾಲ ಬಡಿದಾಡಿ ಗಟ್ಟಿ ಮಾಡಿದ ವ್ಯವಸ್ಥೆ ಇದು. ಇನ್ನೊಬ್ಬರು ಹಿಂಜವಡಿಯ ಗಾಜಿನ ಕಟ್ಟಡವೊಂದರ ಗೇಟಿನ ಕಾವಲುಗಾರರು. ತಿಂಗಳಿಗೊಮ್ಮೆ ಪಗಾರ ಬ್ಯಾಂಕಿಗೇ ಬರುತ್ತದೆ, ಕುತ್ತಿಗೆಗೆ ಗುರುತಿನ ಚೀಟಿ, ವರ್ಷಗಳಿಂದ ಅದೇ ಗೇಟು. ಆದರೆ ಗೇಟು ಬದಲಾಗದಿದ್ದರೂ ಏಜೆನ್ಸಿ ಬದಲಾಗುತ್ತಲೇ ಇರುತ್ತದೆ. ಪ್ರತಿ ಹೊಸ ಏಜೆನ್ಸಿಗೆ ಆತ ಹೊಸ ನೌಕರ. 1972ರ ಕಾಯ್ದೆ ಗ್ರಾಚ್ಯುಟಿಗೆ ಕೇಳುತ್ತಿದ್ದ ಐದು ವರ್ಷದ ಸೇವೆ ಯಾವ ಏಜೆನ್ಸಿಯ ಲೆಕ್ಕದಲ್ಲೂ ತುಂಬುವುದಿಲ್ಲ. ಪಿಎಲ್‌ಎಫ್‌ಎಸ್‌ನ ಸಂಕೇತದಲ್ಲಿ ಈತ 31, ನಿಯಮಿತ ನೌಕರ. ಹಮಾಲ 51, ಬಿಡಿಗೂಲಿ. ನಿಮ್ಮ ವ್ಯಾಖ್ಯೆ ಈ ಇಬ್ಬರಲ್ಲಿ ಕಾವಲುಗಾರನನ್ನು ಹೆಚ್ಚು ಅಭದ್ರ ಎಂದು ಗುರುತಿಸದಿದ್ದರೆ ಅದನ್ನು ಹರಿದು ಮತ್ತೆ ಬರೆಯಿರಿ.

ಮೂರು ಪ್ರಶ್ನೆಗಳು, ಒಂದು ಅಂತರ

ಸಮೀಕ್ಷೆಯಲ್ಲಿ ಸಂಬಳದವರನ್ನು ಕೇಳುವ ಮೂರು ಪ್ರಶ್ನೆಗಳು ನಿಮ್ಮ ಮುಖ್ಯ ಆಸ್ತಿ: ಬರಹದ ಕರಾರು ಇದೆಯೇ, ಇದ್ದರೆ ಎಷ್ಟು ಅವಧಿಯದು, ಸಂಬಳ ಸಹಿತ ರಜೆ ಸಿಗುತ್ತದೆಯೇ, ಪಿಎಫ್ ಅಥವಾ ಪಿಂಚಣಿ, ಗ್ರಾಚ್ಯುಟಿ, ಆರೋಗ್ಯ ಮತ್ತು ಹೆರಿಗೆ ಸೌಲಭ್ಯಗಳಲ್ಲಿ ಯಾವುದಿದೆ. 2017-18ರಲ್ಲಿ ಕೃಷಿಯೇತರ ವಲಯದ ನಿಯಮಿತ ಸಂಬಳದವರಲ್ಲಿ 71.1% ಜನರಿಗೆ ಬರಹದ ಕರಾರು ಇರಲಿಲ್ಲ, 54.2% ಜನರಿಗೆ ಸಂಬಳ ಸಹಿತ ರಜೆ ಇರಲಿಲ್ಲ, 49.6% ಜನರಿಗೆ ಯಾವ ಸಾಮಾಜಿಕ ಭದ್ರತೆಯೂ ಇರಲಿಲ್ಲ. ದಿನಗೂಲಿಯವರು ಈ ಲೆಕ್ಕದಲ್ಲಿ ಇಲ್ಲವೇ ಇಲ್ಲ ಎಂಬುದನ್ನು ಮತ್ತೊಮ್ಮೆ ಗಮನಿಸಿ. ಇದು ನಮ್ಮ ‘ಒಳ್ಳೆಯ’ ಕೆಲಸಗಳ ಪಟ್ಟಿ.

ಈಗ ಒಂದು ಕಾಗದ ತೆಗೆದುಕೊಂಡು ಸುಲಭದ ಕೂಡುಲೆಕ್ಕ ಮಾಡಿ. ಮೂರೂ ಇಲ್ಲದವರನ್ನು ಮಾತ್ರ ಅಭದ್ರರು ಎಂದರೆ ಉತ್ತರ 49.6%ಕ್ಕಿಂತ ಹೆಚ್ಚಾಗಲು ಸಾಧ್ಯವೇ ಇಲ್ಲ. ಮೂರರಲ್ಲಿ ಯಾವುದೊಂದು ಇಲ್ಲದಿದ್ದರೂ ಅಭದ್ರರು ಎಂದರೆ ಉತ್ತರ 71.1%ಕ್ಕಿಂತ ಕಡಿಮೆಯಾಗಲು ಸಾಧ್ಯವಿಲ್ಲ. ಅದೇ ಜನ, ಅದೇ ವರ್ಷ, ಅದೇ ದತ್ತಾಂಶ. ‘ಎಲ್ಲವೂ’ ಎಂಬ ಪದದ ಬದಲು ‘ಯಾವುದಾದರೂ’ ಎಂದು ಬರೆದರೆ ಕಡಿಮೆಯೆಂದರೂ ಇಪ್ಪತ್ತೊಂದೂವರೆ ಶೇಕಡಾ ಅಂಶದ ವ್ಯತ್ಯಾಸ. ಆದ್ದರಿಂದ ಒಂದೇ ಅಂಕಿ ಹೇಳುವವರನ್ನು ನಂಬಬೇಡಿ, ನೀವೂ ಒಂದೇ ಅಂಕಿ ಹೇಳಬೇಡಿ. ಒಂದಾದರೂ ಇಲ್ಲದವರು, ಎರಡಾದರೂ ಇಲ್ಲದವರು, ಮೂರೂ ಇಲ್ಲದವರು ಎಂದು ಮೂರು ಸಾಲು ಕೊಡಿ. ಇದಕ್ಕೆ ಪ್ರಕಟಿತ ವರದಿಯ ಕೋಷ್ಟಕ ಸಾಲದು, ವ್ಯಕ್ತಿಮಟ್ಟದ ದತ್ತಾಂಶ ಬೇಕು. ಸಾಂಖ್ಯಿಕ ಸಚಿವಾಲಯದ ಜಾಲತಾಣದಲ್ಲಿ ಅದು ಉಚಿತವಾಗಿ ಸಿಗುತ್ತದೆ.

ಕರಾರಿನ ಪ್ರಶ್ನೆಯೊಂದನ್ನೇ ನೆಚ್ಚಿಕೊಳ್ಳಬೇಡಿ. ಮುಂಬೈ, ಪುಣೆಗಳ ಉಡುಪಿ ಹೋಟೆಲುಗಳಲ್ಲಿ ಒಂದು ಕಾಗದವೂ ಇಲ್ಲದೆ ಇಪ್ಪತ್ತು ವರ್ಷ ದುಡಿದವರಿದ್ದಾರೆ. ಸೊಗಸಾಗಿ ಅಚ್ಚಾದ ಹನ್ನೊಂದು ತಿಂಗಳ ಕರಾರನ್ನು ಕಡತದಲ್ಲಿಟ್ಟುಕೊಂಡು ನಿದ್ದೆಗೆಟ್ಟ ಎಂಜಿನಿಯರುಗಳೂ ಇದ್ದಾರೆ. ಒಂದು ವರ್ಷ ಅಥವಾ ಅದಕ್ಕಿಂತ ಕಡಿಮೆ ಅವಧಿಯ ಕರಾರಿಗೆ ಸಮೀಕ್ಷೆಯಲ್ಲಿ ಪ್ರತ್ಯೇಕ ಸಂಕೇತವಿದೆ. ಅದನ್ನು ‘ಕರಾರು ಇದೆ’ ಎಂಬುದರೊಳಗೆ ಮುಳುಗಿಸದೆ ‘ಕರಾರಿಲ್ಲ’ ಎಂಬುದರ ಪಕ್ಕದಲ್ಲಿ ಇಡಿ. ಸಂಬಳ ಪಡೆಯುವ ಅಪ್ರೆಂಟಿಸ್‌ಗಳೂ ನಿಯಮಿತ ನೌಕರರ ಸಂಕೇತದಲ್ಲೇ ಬರುತ್ತಾರೆ. ಚಾಕಣದ ಕಾರ್ಖಾನೆಗಳಲ್ಲಿ ‘ಟ್ರೇನಿ’ ಎಂಬ ಹೆಸರಿನಲ್ಲಿ ಯಂತ್ರ ನಡೆಸುವ ಹುಡುಗರನ್ನು ಬಲ್ಲವರಿಗೆ ಇದರ ಅರ್ಥ ಬೇರೆ ಹೇಳಬೇಕಿಲ್ಲ.

ಗುತ್ತಿಗೆದಾರರ ಮೂಲಕ ನೇಮಕವೇ, ನೇರ ನೇಮಕವೇ ಎಂಬುದು ಈ ಸಮೀಕ್ಷೆಯಲ್ಲಿ ಸಿಗದು. ಅದಕ್ಕೆ ಕೈಗಾರಿಕೆಗಳ ವಾರ್ಷಿಕ ಸಮೀಕ್ಷೆಗೆ ಹೋಗಬೇಕು. ನೋಂದಾಯಿತ ಕಾರ್ಖಾನೆಗಳ ಕಾರ್ಮಿಕರಲ್ಲಿ ಇತ್ತೀಚಿನ ವರ್ಷಗಳಲ್ಲಿ ಹತ್ತರಲ್ಲಿ ಸುಮಾರು ನಾಲ್ವರು ಗುತ್ತಿಗೆಯವರು ಎಂದು ಅದು ತೋರಿಸುತ್ತದೆ. ಅದು ಮಾಲೀಕರ ದಾಖಲೆಯಿಂದ ಬಂದ ಲೆಕ್ಕ, ಪಿಎಲ್‌ಎಫ್‌ಎಸ್ ಮನೆಯವರ ಬಾಯಿಂದ ಬಂದದ್ದು. ಎರಡನ್ನೂ ಅಕ್ಕಪಕ್ಕ ಇಡಬಹುದು, ಕೂಡಿಸಬಾರದು.

ಮನೆಬಾಗಿಲಲ್ಲಿ ಕೇಳುವ ಬಗೆ

ನಿಮ್ಮದೇ ಸಣ್ಣ ಸಮೀಕ್ಷೆ ಮಾಡುವವರು ಈ ಭಾಗವನ್ನು ನಿಧಾನವಾಗಿ ಓದಿ. ಪುಣೆಯ ಒಂದು ಬಸ್ತಿಯಲ್ಲಿ ಕೇಳಿದ್ದರಿಂದ ರಾಷ್ಟ್ರದ ಅಂಕಿ ಹುಟ್ಟುವುದಿಲ್ಲ, ನಿಜ. ಆದರೆ ರಾಷ್ಟ್ರದ ಪ್ರಶ್ನೆ ಬಸ್ತಿಯಲ್ಲಿ ಹೇಗೆ ಕೇಳಿಸುತ್ತದೆ ಎಂಬುದು ಅಲ್ಲೇ ತಿಳಿಯುವುದು. ಯಾದಗಿರಿ, ವಿಜಯಪುರದ ಕಡೆಯ ಹೆಂಗಸರನ್ನು ಮರಾಠಿಯಲ್ಲೋ ಹಿಂದಿಯಲ್ಲೋ ‘ಬರಹದ ಕರಾರು ಇದೆಯೇ’ ಎಂದು ಕೇಳಿದರೆ ಗೇಟ್ ಪಾಸ್ ತಂದು ತೋರಿಸುತ್ತಾರೆ. ಸಾಮಾಜಿಕ ಭದ್ರತೆ ಎಂದರೆ ‘ಕಾರ್ಡ್ ಇದೆ’ ಎನ್ನುತ್ತಾರೆ. ಯಾವ ಕಾರ್ಡ್ ಎಂದು ನೋಡಿ. 2021ರ ಆಗಸ್ಟ್‌ನಲ್ಲಿ ಶುರುವಾದ ಇ-ಶ್ರಮ್ ಕಾರ್ಡ್ ಇರಬಹುದು, ಕಟ್ಟಡ ಕಾರ್ಮಿಕರ ಮಂಡಳಿಯದ್ದಿರಬಹುದು, ಪಡಿತರ ಚೀಟಿಯೂ ಇರಬಹುದು. ಇವು ಸರ್ಕಾರದ ನೋಂದಣಿಗಳು, ಕೆಲಸ ಕೊಟ್ಟವರು ಹೊತ್ತ ಹೊಣೆಯಲ್ಲ. ಎರಡಕ್ಕೂ ಬೇರೆ ಬೇರೆ ಅಂಕಣ ಇಡದಿದ್ದರೆ ನಿಮ್ಮ ವ್ಯಾಖ್ಯೆಯೇ ಕುಸಿಯುತ್ತದೆ.

ಅಮೂರ್ತವಾಗಿ ಕೇಳಬೇಡಿ, ನಡೆದದ್ದನ್ನು ಕೇಳಿ. “ಅಕ್ಕ, ಹೋದ ಸಲ ಜ್ವರ ಬಂದು ಮನೆಯಲ್ಲಿ ಉಳಿದಾಗ ಆ ದಿನದ ಪಗಾರ ಕೊಟ್ಟರೇ?” ಎಂದರೆ ರಜೆಯ ಉತ್ತರ ಸಿಗುತ್ತದೆ. ರಜೆ ಇದೆಯೇ ಎಂದು ಬರೀ ಬಾಯಲ್ಲಿ ಕೇಳಿದರೆ ಭಾನುವಾರದ ಬಿಡುವನ್ನು ನೆನೆದು ‘ಹೌದು’ ಎನ್ನುತ್ತಾರೆ. “ನಾಳೆಯಿಂದ ಬರಬೇಡ ಎನ್ನುವುದಾದರೆ ಎಷ್ಟು ದಿನ ಮೊದಲು ಹೇಳುತ್ತಾರೆ?” ಎಂಬುದು ಕರಾರಿನ ಪ್ರಶ್ನೆಗಿಂತ ಎಷ್ಟೋ ಹರಿತ. “ಕಾಕಾ, ಸೇಠ್‌ಗೆ ಇನ್ನೂ ಎಷ್ಟು ಮುಂಗಡ ತೀರಿಸುವುದಿದೆ?” ಎಂಬುದನ್ನು ಕೊನೆಗೆ, ಚಹಾ ಬಂದ ಮೇಲೆ ಕೇಳಿ. ಮುಂಗಡದ ಸಾಲದಲ್ಲಿ ಸಿಕ್ಕಿಕೊಂಡವರಿಗೆ ಕೆಲಸ ಹೋಗುವ ಭಯವಿಲ್ಲ, ಬಿಡಲಾಗದ ಸಂಕಟವಿದೆ. ಕರಾರಿನ ಅವಧಿಯನ್ನು ಮಾತ್ರ ನೋಡುವ ಮಾಪಕಕ್ಕೆ ಅವರು ಭದ್ರರಾಗಿ ಕಾಣುತ್ತಾರೆ. ಪಿಎಫ್ ಕಡಿತವಾಗುತ್ತದೆ ಎಂದವರಿಗೆ ಖಾತೆಯ ಪಾಸ್‌ಬುಕ್ ತೆರೆದು ನೋಡಿದ್ದೀರಾ ಎಂದು ಕೇಳಿ. ಕಡಿತವಾಗುವುದಕ್ಕೂ ಜಮೆಯಾಗುವುದಕ್ಕೂ ನಡುವೆ ಎಷ್ಟು ದೂರವಿದೆ ಎಂದು ಎಷ್ಟೋ ಸಲ ಅವರ ಜೊತೆಗೇ ಕೂತು ಕಂಡಿದ್ದೇನೆ.

‘ಗೊತ್ತಿಲ್ಲ’ ಎಂಬ ಉತ್ತರವನ್ನು ‘ಇಲ್ಲ’ಕ್ಕೆ ಸೇರಿಸಬೇಡಿ, ಬಿಸಾಡಲೂಬೇಡಿ. ಮನೆಯಲ್ಲಿ ಆ ಹೊತ್ತಿಗೆ ಇದ್ದ ಅತ್ತೆ ಸೊಸೆಯ ಪಿಎಫ್ ಬಗ್ಗೆ ಉತ್ತರಿಸುತ್ತಿರಬಹುದು.

ಸ್ವಂತ ದುಡಿಮೆ ಎಂಬ ಗೊಂದಲ

ಕರಾರು, ರಜೆ, ಭದ್ರತೆಯ ಮೂರು ಪ್ರಶ್ನೆಗಳು ಸ್ವಯಂ ಉದ್ಯೋಗಿಗಳಿಗೆ ಹೊಂದುವುದಿಲ್ಲ. ಮಾಲೀಕನೇ ಇಲ್ಲದವರಿಗೆ ರಜೆ ಕೊಡುವವರು ಯಾರು? ಆದರೆ ದುಡಿಯುವವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಅಲ್ಲಿಯೇ ಇದ್ದಾರೆ, ಬಿಡುವಂತಿಲ್ಲ. ಅವರಲ್ಲಿ ಒಬ್ಬನೇ ಖರೀದಿದಾರನನ್ನೋ ಒಂದೇ ಆ್ಯಪನ್ನೋ ನೆಚ್ಚಿಕೊಂಡವರನ್ನು ಬೇರ್ಪಡಿಸಿ. 2018ರಲ್ಲಿ ಕಾರ್ಮಿಕ ಸಂಖ್ಯಾಶಾಸ್ತ್ರಜ್ಞರ 20ನೇ ಅಂತರರಾಷ್ಟ್ರೀಯ ಸಮ್ಮೇಳನ ಇಂಥವರಿಗೆಂದೇ ‘ಅವಲಂಬಿತ ಗುತ್ತಿಗೆದಾರರು’ ಎಂಬ ವರ್ಗವನ್ನು ಒಪ್ಪಿಕೊಂಡಿತು. ನಮ್ಮ 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಆ್ಯಪ್‌ಗಳ ಮೂಲಕ ದುಡಿಯುವಂಥ ಗಿಗ್ ಕಾರ್ಮಿಕರನ್ನು ಹೆಸರಿಸಿ, ಆ್ಯಪ್ ಕಂಪನಿಗಳು ವಾರ್ಷಿಕ ವಹಿವಾಟಿನ 1ರಿಂದ 2% ವಂತಿಗೆ ಕೊಡಬೇಕು ಎನ್ನುತ್ತದೆ. ಆದರೆ 2024ರವರೆಗಿನ ಪಿಎಲ್‌ಎಫ್‌ಎಸ್ ಅನುಸೂಚಿಯಲ್ಲಿ ಅವರಿಗೊಂದು ಪ್ರತ್ಯೇಕ ಸಂಕೇತವಿಲ್ಲ. ಉದ್ಯಮ ಮತ್ತು ವೃತ್ತಿಯ ಸಂಕೇತಗಳಿಂದ ಊಹಿಸಬಹುದು. ಊಹೆ ಎಂದು ಬರೆದೇ ಪ್ರಕಟಿಸಿ. ನಿಮ್ಮ ಸಮೀಕ್ಷೆಯಾದರೆ ಮೂರು ಮಾತು ಸಾಕು: ದರ ಯಾರು ನಿಗದಿ ಮಾಡುತ್ತಾರೆ, ಒಂದೇ ಕಡೆಯಿಂದ ಆದಾಯದ ಎಷ್ಟು ಪಾಲು ಬರುತ್ತದೆ, ಒಂದು ವಾರ ಕೆಲಸ ಒಲ್ಲೆ ಎಂದರೆ ಏನಾಗುತ್ತದೆ. ಮನೆಯಲ್ಲಿ ಕೂತು ಪಾಪಡ್ ಲಟ್ಟಿಸುವ, ಬಟ್ಟೆಗೆ ಗುಂಡಿ ಹಚ್ಚುವ ಹೆಂಗಸರೂ ಈ ಮೂರು ಪ್ರಶ್ನೆಗಳಿಗೆ ಆ್ಯಪ್‌ನ ಸವಾರಿ ಹುಡುಗರು ಕೊಡುವ ಉತ್ತರವನ್ನೇ ಕೊಡುತ್ತಾರೆ.

ಅಂಕ ಕೊಡುವುದು, ತೂಕ ಹಾಕುವುದು

ಮೇಲಿನ ಮೂರು ಕೊರತೆಗಳಿಗೆ ವೇಳೆ ಮತ್ತು ಆದಾಯವನ್ನು ಸೇರಿಸಿ. ವಾರಕ್ಕೆ 48 ಗಂಟೆ ಮೀರಿದರೆ ಒಂದು ಅಂಕ. ಕಡಿಮೆ ಗಂಟೆ ದುಡಿದು ಇನ್ನೂ ಹೆಚ್ಚು ಕೆಲಸಕ್ಕೆ ಸಿದ್ಧರಿದ್ದರೂ ಒಂದು ಅಂಕ. ಸಮೀಕ್ಷೆಯಲ್ಲಿ ಏಳೂ ದಿನದ ಗಂಟೆಗಳು ದಾಖಲಾಗಿರುತ್ತವೆ. ಆದಾಯಕ್ಕೆ, ಮಧ್ಯಮ ಗಳಿಕೆಯ (ಎಲ್ಲರನ್ನೂ ಗಳಿಕೆಯ ಕ್ರಮದಲ್ಲಿ ನಿಲ್ಲಿಸಿದರೆ ನಟ್ಟನಡುವೆ ಬರುವವರ ಗಳಿಕೆಯ) ಮೂರನೇ ಎರಡು ಭಾಗಕ್ಕಿಂತ ಕೆಳಗಿನದು ಕಡಿಮೆ ಸಂಬಳ ಎಂಬ ರೂಢಿಯ ಗೆರೆ ಇದೆ. ಆದರೆ ಎಲ್ಲರ ಪಗಾರವೂ ತಗ್ಗಿದ್ದಾಗ ಆ ಗೆರೆಯೂ ತಗ್ಗಿಬಿಡುತ್ತದೆ, ಆದ್ದರಿಂದ ರಾಜ್ಯದ ಕನಿಷ್ಠ ವೇತನವನ್ನು ಪಕ್ಕದಲ್ಲೇ ಇಟ್ಟು ನೋಡಿ. ಗಳಿಕೆಯನ್ನು ಕೇಳುವ ಅವಧಿ ಒಬ್ಬೊಬ್ಬರಿಗೆ ಒಂದೊಂದು: ಸಂಬಳದವರಿಗೆ ಹಿಂದಿನ ತಿಂಗಳು, ಸ್ವಯಂ ಉದ್ಯೋಗಿಗಳಿಗೆ ಕಳೆದ 30 ದಿನ, ಬಿಡಿಗೂಲಿಯವರಿಗೆ ವಾರದ ಒಂದೊಂದು ದಿನ. ದಿನಗೂಲಿಯನ್ನು ಮೂವತ್ತರಿಂದ ಗುಣಿಸಿ ತಿಂಗಳ ಆದಾಯ ಮಾಡುವವರು ಅಡ್ಡಾದಲ್ಲಿ ಒಂದು ಬೆಳಗು ನಿಂತು ಬರಲಿ.

ಇನ್ನೊಂದು ಎಚ್ಚರ. ಕರಾರು, ರಜೆ, ಪಿಎಫ್ ಸಾಮಾನ್ಯವಾಗಿ ಒಟ್ಟಿಗೆ ಬರುತ್ತವೆ, ಒಟ್ಟಿಗೆ ಹೋಗುತ್ತವೆ. ಮೂರಕ್ಕೂ ಮೂರು ಅಂಕ, ವೇಳೆಗೊಂದು, ಆದಾಯಕ್ಕೊಂದು ಎಂದು ಕೂಡಿಸಿದರೆ ಒಂದೇ ಕೊರತೆಯನ್ನು ಮೂರು ಸಲ ಎಣಿಸಿದಂತಾಗುತ್ತದೆ. ನಾನು ರಜೆ ಮತ್ತು ಪಿಎಫ್ ಅನ್ನು ‘ರಕ್ಷಣೆ’ ಎಂಬ ಒಂದೇ ಮನೆಯಲ್ಲಿ ಹಾಕಿ, ಖಾತರಿ, ರಕ್ಷಣೆ, ವೇಳೆ, ಆದಾಯ ಎಂಬ ನಾಲ್ಕರಲ್ಲಿ ಎರಡು ಕಡೆಯಾದರೂ ಕೊರತೆಯಿದ್ದರೆ ಅಭದ್ರ ಎನ್ನುತ್ತೇನೆ. ಬೇರೆಯವರು ಬೇರೆ ಕಡೆ ಗೆರೆ ಎಳೆಯಬಹುದು. ಗೆರೆಯನ್ನು ಆಚೀಚೆ ಸರಿಸಿದಾಗ ಹೆಂಗಸರು, ದಲಿತರು, ವಲಸಿಗರ ಕ್ರಮಾಂಕ ಬದಲಾಗುತ್ತದೆಯೇ ಎಂಬುದನ್ನು ಮಾತ್ರ ತಪ್ಪದೆ ತೋರಿಸಿ. ಪ್ರತಿ ಲೆಕ್ಕದಲ್ಲೂ ಸಮೀಕ್ಷೆಯ ಗುಣಕ (ಉತ್ತರಿಸಿದ ಒಬ್ಬೊಬ್ಬರೂ ದೇಶದ ಎಷ್ಟು ಜನರ ಪರವಾಗಿ ನಿಲ್ಲುತ್ತಾರೆ ಎಂಬ ಸಂಖ್ಯೆ) ಬಳಸಿ. ಅದಿಲ್ಲದೆ ಬಂದ ಶೇಕಡಾವಾರು ಮಾದರಿಯದ್ದು, ದೇಶದ್ದಲ್ಲ. ಜಿಲ್ಲೆ, ಜಾತಿ, ಲಿಂಗ, ಉದ್ಯಮ ಎಂದು ಒಡೆಯುತ್ತ ಹೋದಂತೆ ಕೋಷ್ಟಕದ ಒಂದೊಂದು ಮನೆಯಲ್ಲಿ ಉಳಿಯುವ ಜನ ಬೆರಳೆಣಿಕೆಯಾಗುತ್ತಾರೆ, ಅಲ್ಲಿ ನಿಲ್ಲಿಸಿ.

ಕಾಲದ ಲೆಕ್ಕ

ಇಷ್ಟೆಲ್ಲ ಮಾಡಿದರೂ ಸಿಗುವುದು ಒಂದು ಕ್ಷಣದ ಚಿತ್ರ. ಅದೇ ಮನೆಗೆ ಮತ್ತೆ ಹೋದಾಗ ಅದೇ ವ್ಯಕ್ತಿ ಅದೇ ಸ್ಥಿತಿಯಲ್ಲಿ ಇದ್ದಾನೆಯೇ ಎಂಬುದು ಅಭದ್ರತೆಯ ನೇರ ಸಾಕ್ಷಿ. ಪಿಎಲ್‌ಎಫ್‌ಎಸ್ ನಗರಗಳಲ್ಲಿ ಒಂದೇ ಮನೆಗೆ ನಾಲ್ಕು ತ್ರೈಮಾಸಿಕಗಳಲ್ಲಿ ನಾಲ್ಕು ಸಲ ಹೋಗುತ್ತಿತ್ತು. 2025ರ ಜನವರಿಯಿಂದ ಹಳ್ಳಿಗಳಿಗೂ ಇದು ಬಂದಿದೆ, ಭೇಟಿಗಳು ಸತತ ನಾಲ್ಕು ತಿಂಗಳಿಗೆ ಇಳಿದಿವೆ. ನಿಯಮಿತ ಸಂಬಳದಿಂದ ಬಿಡಿಗೂಲಿಗೆ, ಅಲ್ಲಿಂದ ಮನೆಗೆ ಜಾರಿದವರನ್ನು ಇದರಲ್ಲಿ ಹಿಡಿಯಬಹುದು. ಒಂದು ತೊಡಕು: ಎರಡನೇ ಭೇಟಿಗೆ ಬೀಗ ಹಾಕಿದ್ದ ಮನೆಗಳು ಹೆಚ್ಚಾಗಿ ಕೆಲಸ ಹುಡುಕಿ ಜಾಗ ಬದಲಿಸಿದವರವೇ. ನೆಲೆಯೇ ಇಲ್ಲದ ಅಲೆಮಾರಿಗಳು ಮೊದಲ ಪಟ್ಟಿಯಲ್ಲೇ ಇರುವುದಿಲ್ಲ. ಎಷ್ಟು ಮನೆ ಕಳೆದುಹೋದವು, ಅವು ಮೊದಲ ಭೇಟಿಯಲ್ಲಿ ಯಾವ ವರ್ಗದಲ್ಲಿದ್ದವು ಎಂಬ ಕೋಷ್ಟಕವನ್ನು ಫಲಿತಾಂಶದ ಜೊತೆಗೇ ಅಚ್ಚು ಹಾಕಿ, ಅನುಬಂಧಕ್ಕೆ ತಳ್ಳಬೇಡಿ.

2025ರ ಬದಲಾವಣೆಯಲ್ಲಿ ಮಾದರಿಯ ವಿನ್ಯಾಸವೂ ಬೇರೆಯಾಯಿತು, ಮನೆಗಳ ಸಂಖ್ಯೆ ಸುಮಾರು 2.72 ಲಕ್ಷಕ್ಕೆ ಏರಿತು, ಜುಲೈ-ಜೂನ್ ವರ್ಷದ ಬದಲು ಕ್ಯಾಲೆಂಡರ್ ವರ್ಷ ಬಂತು. ಹಾಗಾಗಿ 2017-18ರಿಂದ 2023-24ರವರೆಗೆ ಒಂದು ಗೆರೆ ಎಳೆಯಿರಿ, 2025ರಿಂದ ಇನ್ನೊಂದು. ಎರಡರ ನಡುವಿನ ಖಾಲಿ ಜಾಗವನ್ನು ಖಾಲಿಯೇ ಬಿಡಿ. ಪ್ರತಿ ಗೆರೆಯ ಕೆಳಗೆ ನೀವು ಬಳಸಿದ ಪ್ರಶ್ನೆಯ ಪೂರ್ತಿ ಪಾಠ, ‘ಎಲ್ಲವೂ’ ಅಥವಾ ‘ಯಾವುದಾದರೂ’ ಎಂಬ ನಿಮ್ಮ ಆಯ್ಕೆ, ‘ಗೊತ್ತಿಲ್ಲ’ ಎಂದವರ ಪಾಲು, ಇಷ್ಟನ್ನು ಸಣ್ಣ ಅಕ್ಷರದಲ್ಲಾದರೂ ಸೇರಿಸಿ.